ಸೊಳ್ಳೆ ಅಂತ ಹೊಡೆದೀರಿ, ಜೋಕೆ!

ಬೆಳಿಗ್ಗೆ ಆರೂವರೆ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರಲ್ಲಿ ಉಪ್ಪಿಟ್ಟಿನ ಒಗ್ಗರಣೆ. ಅಷ್ಟರಲ್ಲಿ ಮಗಳು ಕಣ್ಣುಜ್ಜಿಕೊಳ್ಳುತ್ತಾ ಬಂದು, 'ಅಮ್ಮಾ, ಇಲ್ಲಿ ಉರೀತಿದೆ' ಅಂತ ಕುತ್ತಿಗೆ ತೋರಿಸುತ್ತಾಳೆ. ನೋಡಿದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಕಾದ ಸಟ್ಟುಗದಿಂದ ಬರೆ ಎಳೆದ ಹಾಗೆ ಉದ್ದಕ್ಕೊಂದು ಕೆಂಪು ಗೆರೆ. ಅದರ ಮೇಲೆ ಸಾಸಿವೆ ಕಾಳಿನಂಥ ಸಣ್ಣ ಸಣ್ಣ ಗುಳ್ಳೆ. ರಾತ್ರಿ ಹಾಸಿಗೆ ಹಾಸಿ ಮಲಗಿಸುವಾಗ ಏನೂ ಇರಲಿಲ್ಲವಲ್ಲ!

ಆಮೇಲೆ ಶುರುವಾಗುತ್ತದೆ ನೋಡಿ, ಮನೆಮಂದಿಯ ವೈದ್ಯ. 'ಇದು ಸರ್ಪಸುತ್ತು ಕಣಮ್ಮಾ, ತಡ ಮಾಡ್ಬೇಡ, ಕೆಮ್ಮಣ್ಣು ಬರೆಸೋಣ' ಅನ್ನುತ್ತಾರೆ ಅತ್ತೆ. 'ಮೆಡಿಕಲ್ ಶಾಪ್‌ನಲ್ಲಿ ಕೇಳಿ ಒಂದು ಟ್ಯೂಬ್ ತಂದ್ಬಿಡ್ತೀನಿ' ಅನ್ನುತ್ತಾರೆ ಯಜಮಾನರು. ಪಕ್ಕದ ಮನೆಯಾಕೆ ಎರಡು ಹೆಜ್ಜೆ ದೂರ ನಿಂತೇ, 'ಅಂಟುತ್ತೋ ಏನೋ ರೀ, ಸ್ಕೂಲಿಗೆ ಕಳಿಸ್ಬೇಡಿ' ಅನ್ನುತ್ತಾರೆ. ಮನೆಕೆಲಸಕ್ಕೆ ಬರುವಾಕೆಯ ಕೈಯಲ್ಲೂ ಮೊನ್ನೆ ಇಂಥದೇ ಕಲೆ ಇತ್ತಲ್ಲ ಅಂತ ಯಾರಿಗೋ ನೆನಪಾಗುತ್ತದೆ. ಪಾಪ, ಅವಳ ಮೇಲೆ ಅನುಮಾನ. ಧೈರ್ಯ ಮಾಡಿ ಸ್ಕೂಲಿಗೆ ಕಳಿಸಿದಿರೋ, ಅಲ್ಲಿ ಟೀಚರ್ ಮಗುವನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಬಹುದು: 'ಮನೇಲಿ ಯಾರಾದ್ರೂ ಬರೆ ಹಾಕಿದ್ರಾ ಪುಟ್ಟಾ?'

ಇಷ್ಟೆಲ್ಲಾ ರಾಮಾಯಣಕ್ಕೆ ಕಾರಣ ಅಕ್ಕಿ ಕಾಳಿಗಿಂತ ತುಸು ಉದ್ದದ ಒಂದು ಹುಳ. ಮಳೆಗಾಲದಲ್ಲೂ, ಮಳೆ ನಿಂತ ಮೇಲಿನ ಕೆಲವು ವಾರಗಳಲ್ಲೂ ನಮ್ಮ ನಗರಗಳ ಚರ್ಮವೈದ್ಯರ ಬಳಿಗೆ ಇಂಥ ಗೆರೆಗಾಯ ಹೊತ್ತವರು ಬರುತ್ತಲೇ ಇರುತ್ತಾರೆ. ಆದರೂ ಸೊಳ್ಳೆಯ ಬಗ್ಗೆ ಗೊತ್ತಿರುವುದರ ಹತ್ತರಲ್ಲಿ ಒಂದು ಪಾಲೂ ಈ ಹುಳದ ಬಗ್ಗೆ ನಮಗೆ ಗೊತ್ತಿಲ್ಲ.

ಇರುವೆಯಂತೆ ಕಾಣುವ ಕಳ್ಳ

ಮೊದಲು ಇದರ ಗುರುತು ಹಿಡಿಯೋಣ. ಉದ್ದ ಏಳರಿಂದ ಹತ್ತು ಮಿಲಿಮೀಟರ್. ದೂರದಿಂದ ನೋಡಿದರೆ ದೊಡ್ಡ ಇರುವೆ ಅನ್ನಬೇಕು, ಹಾಗಿರುತ್ತದೆ. ತಲೆ ಕಪ್ಪು, ಅದರ ಹಿಂದೆ ಕಿತ್ತಳೆ, ಆಮೇಲೆ ನೀಲಿ ಮಿಂಚುವ ಗಿಡ್ಡ ರೆಕ್ಕೆಕವಚ, ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಕೆಣಕಿದರೆ ಬಾಲ ಮೇಲಕ್ಕೆತ್ತಿಕೊಂಡು ಓಡುತ್ತದೆ. ಚೇಳಿನ ಹಾಗೆ ಕುಟುಕುತ್ತದೇನೋ ಅಂತ ಭಯವಾಗುವುದು ಅದಕ್ಕೇ.

ಆದರೆ ಇದು ಕುಟುಕುವುದಿಲ್ಲ. ಕಚ್ಚಿ ಗಾಯ ಮಾಡುವುದೂ ಇಲ್ಲ. ಮೈಮೇಲೆ ಸುಮ್ಮನೆ ಹರಿದು ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದರ ಮೈಯೊಳಗಿನ ದ್ರವದಲ್ಲಿ ಪೆಡೆರಿನ್ ಎಂಬ ವಿಷವಸ್ತು ಇದೆ. ಹುಳವನ್ನು ಜಜ್ಜಿದಾಗ, ಉಜ್ಜಿದಾಗ, ಮಗ್ಗುಲು ಬದಲಾಯಿಸುವಾಗ ಅದು ಮೈಕೆಳಗೆ ಸಿಕ್ಕಿ ಅಪ್ಪಚ್ಚಿಯಾದಾಗ ಆ ದ್ರವ ಚರ್ಮಕ್ಕೆ ತಾಗುತ್ತದೆ. ಕೈ ಎಳೆದಷ್ಟು ದೂರಕ್ಕೆ ವಿಷವೂ ಸವರಿಕೊಂಡು ಹೋಗುತ್ತದೆ. ಗಾಯ ದುಂಡಗಿರದೆ ಗೆರೆಯ ಹಾಗೆ ಇರುವುದರ ಗುಟ್ಟು ಇದೇ. ಅಂದರೆ ಬರೆ ಎಳೆದದ್ದು ಹುಳವಲ್ಲ, ನಮ್ಮದೇ ಕೈ!

ಇನ್ನೊಂದು ತಮಾಷೆಯಿದೆ. ವಿಷ ತಾಗಿದ ತಕ್ಷಣ ಉರಿಯುವುದಿಲ್ಲ. ಹೆಚ್ಚಿನವರಿಗೆ ಹನ್ನೆರಡು ಗಂಟೆಯಿಂದ ಎರಡು ದಿನದೊಳಗೆ ಚರ್ಮ ಕೆಂಪಾಗಿ, ಉರಿ ಹತ್ತಿ, ಗುಳ್ಳೆ ಏಳುತ್ತದೆ. ಸೋಮವಾರ ಸಂಜೆ ಟಿ.ವಿ. ನೋಡುತ್ತಾ ಕುತ್ತಿಗೆ ಮೇಲೆ ಏನೋ ಹರಿದಂತಾಗಿ ಪಟ್ಟನೆ ಹೊಡೆದದ್ದು ಬುಧವಾರ ಬೆಳಿಗ್ಗೆ ಯಾರಿಗೆ ನೆನಪಿರುತ್ತೆ ಹೇಳಿ? ಹಾಗಾಗಿ ತಪ್ಪೆಲ್ಲ ಹೊಸ ಸೋಪಿನ ಮೇಲೆ, ನಿನ್ನೆಯ ಬದನೆಕಾಯಿ ಪಲ್ಯದ ಮೇಲೆ, ರಾತ್ರಿ ಓಡಾಡಿದ ಜೇಡದ ಮೇಲೆ ಹೋಗುತ್ತದೆ. ನಿಜವಾದ ಕಳ್ಳ ಮಾತ್ರ ಪ್ರತಿ ವರ್ಷ ಬಚಾವ್.

ಮೊಣಕೈ ಮಡಚುವ ಕಡೆ, ತೊಡೆಯ ಸಂದಿಯಲ್ಲಿ ಆದರೆ ಗಾಯ ಜೋಡಿಯಾಗಿ ಇರುತ್ತದೆ. ಒಂದು ಮಡಿಕೆಯ ಗಾಯ ಎದುರಿನ ಚರ್ಮಕ್ಕೆ ಕನ್ನಡಿಯಲ್ಲಿ ಕಂಡ ಹಾಗೆ ಅಚ್ಚಾಗುತ್ತದೆ. ವೈದ್ಯರು ಇದನ್ನು ನೋಡಿದ ಕೂಡಲೇ ಹುಳದ ಕೆಲಸ ಅಂತ ಹೇಳಿಬಿಡುತ್ತಾರೆ.

2022ರ ಗಲಾಟೆ ನೆನಪಿದೆಯಾ?

2022ರ ಜುಲೈನಲ್ಲಿ ಈ ಹುಳ ಇದ್ದಕ್ಕಿದ್ದಂತೆ ದೇಶದ ಸುದ್ದಿಯಾಯಿತು. ಸಿಕ್ಕಿಂನ ಮಜಿಟಾರ್ ಎಂಬಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸುಮಾರು ನೂರು ವಿದ್ಯಾರ್ಥಿಗಳ ಮೈಮೇಲೆ ಇಂಥ ಗಾಯ ಕಾಣಿಸಿಕೊಂಡವು. ಪಶ್ಚಿಮ ಬಂಗಾಳದ ಉತ್ತರ ಭಾಗದಿಂದಲೂ ವರದಿಗಳು ಬಂದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೇರಳದ ಕೊಚ್ಚಿ ಪಕ್ಕದ ಕಾಕ್ಕನಾಡಿನಲ್ಲೂ ಜನ ಗುಳ್ಳೆ ತೋರಿಸಿಕೊಂಡು ಆಸ್ಪತ್ರೆಗೆ ಹೋದರು. ಟಿ.ವಿ.ಗಳು ಇಟ್ಟ ಹೆಸರು 'ನೈರೋಬಿ ಫ್ಲೈ'. ಸರಿ, ಕೊರೊನಾ ಕಂಡು ಬೆಂದಿದ್ದ ಜನ 'ಆಫ್ರಿಕಾದಿಂದ ಮತ್ತೊಂದು ಬಂತಪ್ಪಾ' ಅಂತ ಕಂಗಾಲಾದರು.

ಹೆಸರಿನಲ್ಲಿರುವ ಎರಡೂ ಪದ ದಾರಿ ತಪ್ಪಿಸುವಂಥವು. ಇದು ನೊಣವಲ್ಲ, ಬೀಟಲ್, ಅಂದರೆ ದುಂಬಿಯ ಜಾತಿ. ನಮ್ಮಲ್ಲಿರುವುದು ನೈರೋಬಿಯಿಂದ ಬಂದದ್ದೂ ಅಲ್ಲ. ಈ ಕುಲದಲ್ಲಿ 600ಕ್ಕೂ ಹೆಚ್ಚು ಬಗೆಗಳಿವೆ, ಅವುಗಳಲ್ಲಿ ಕೆಲವು ನಮ್ಮ ನಾಡಿನ ಗದ್ದೆ, ಕೆರೆಯಂಚುಗಳಲ್ಲಿ ಹಿಂದಿನಿಂದಲೂ ಇವೆ. ಕೆನ್ಯಾದ ಹೆಸರು ಅಂಟಿಕೊಳ್ಳಲು ಕಾರಣ ಇದೆ. ಅಲ್ಲಿ ಭಾರಿ ಮಳೆಯಾದ ವರ್ಷಗಳಲ್ಲಿ, 1997-98ರ ಎಲ್ ನಿನೋ ಮಳೆಯ ಹೊತ್ತಿನಲ್ಲಂತೂ, ಈ ಹುಳಗಳು ರಾಶಿ ರಾಶಿಯಾಗಿ ಎದ್ದಿದ್ದವು. ಇಂಡೊನೇಷ್ಯಾದ ಸುರಬಾಯಾದಲ್ಲಿ 2012ರಲ್ಲಿ ಇಂಥದೇ ಗಲಾಟೆಯಾಯಿತು. ಅಲ್ಲಿ ಇದಕ್ಕೆ 'ಟಾಮ್‌ಕ್ಯಾಟ್' ಅನ್ನುತ್ತಾರೆ. ನಮ್ಮ ಕಡೆ ಹಾಸ್ಟೆಲ್ ಹುಡುಗರು ಹೇಳುವ 'ಆಸಿಡ್ ಹುಳ' ಎಂಬ ಹೆಸರೇ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಕನಿಷ್ಠ ಅದು ಏನು ಮಾಡುತ್ತದೆ ಅನ್ನುವುದನ್ನಾದರೂ ತಿಳಿಸುತ್ತದೆ.

ಪರದೇಶಿ ಅನ್ನುವ ಹೆಸರಿನಿಂದ ಏನಾಗುತ್ತೆ ಗೊತ್ತಾ? ಭಯ ಸುದ್ದಿ ಇರುವಷ್ಟು ದಿನ ಇರುತ್ತದೆ, ಆಮೇಲೆ 'ಅದು ಅಲ್ಲೆಲ್ಲೋ ಸಿಕ್ಕಿಂನಲ್ಲಿ' ಅಂತ ಮರೆತುಬಿಡುತ್ತೇವೆ. ನಮ್ಮ ಬಾಲ್ಕನಿಯ ಟ್ಯೂಬ್‌ಲೈಟ್ ಕೆಳಗೆ ಅದೇ ಹುಳ ಓಡಾಡುತ್ತಿದ್ದರೂ ಗುರುತು ಹಿಡಿಯುವುದಿಲ್ಲ. 'ನಾಗರಹಾವಿನ ವಿಷಕ್ಕಿಂತ 12 ಪಟ್ಟು ಘೋರ' ಎಂಬ ಸಂದೇಶ ಮೊಬೈಲಿಂದ ಮೊಬೈಲಿಗೆ ಹಾರಿದ್ದನ್ನು ನೀವೂ ನೋಡಿರಬಹುದು. ಪೆಡೆರಿನ್ ಬಲವಾದ ವಿಷ, ಹೌದು. ಆದರೆ ಅದು ಹುಳದ ತೂಕದ ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಅದೂ ತಾಗುವುದು ಚರ್ಮಕ್ಕೆ, ಹಾವಿನ ವಿಷದ ಹಾಗೆ ರಕ್ತಕ್ಕೆ ಇಳಿಯುವುದಿಲ್ಲ. ಜೀವಕ್ಕೆ ಅಪಾಯ ಅಂತ ಹೆದರಿಸುವುದು ತಪ್ಪು. ಕಣ್ಣಿಗೆ ಅಪಾಯ ಅನ್ನುವುದು ಮಾತ್ರ ನಿಜ. ಅದನ್ನು ಆ ಸಂದೇಶಗಳಲ್ಲಿ ಯಾರೂ ಬರೆದಿರಲಿಲ್ಲ.

ಸೊಳ್ಳೆಯ ಪಾಠ ಇಲ್ಲಿ ನಡೆಯಲ್ಲ

ನಮಗೆಲ್ಲ ಹುಳಹುಪ್ಪಟೆ ಅಂದರೆ ಸೊಳ್ಳೆಯದೇ ಪಾಠ. ಡೆಂಗಿ, ಚಿಕೂನ್‌ಗುನ್ಯಾ ನಮಗೆ ಸಾಕಷ್ಟು ಕಲಿಸಿವೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಹಾಕುವ ನಿಯಮವನ್ನೂ ತಂದಿತು. ಡ್ರಮ್ಮು ಮುಚ್ಚಿ, ಹೂಕುಂಡದ ತಟ್ಟೆಯ ನೀರು ಚೆಲ್ಲಿ, ಫಾಗಿಂಗ್ ಮಾಡಿಸಿ, ಕಂಡಲ್ಲಿ ಹೊಡೆಯಿರಿ... ಎರಡನೇ ಕ್ಲಾಸಿನ ಮಗುವೂ ಹೇಳುತ್ತೆ. ಒಳ್ಳೆಯದೇ. ಆದರೆ ಈ ಪಾಠವನ್ನು ಆಸಿಡ್ ಹುಳಕ್ಕೆ ಹಾಗೇ ಒಪ್ಪಿಸಿದರೆ ಎಡವಟ್ಟಾಗುತ್ತದೆ. ಇದು ಬೆಳೆಯುವುದು ನಿಂತ ನೀರಿನಲ್ಲಲ್ಲ, ಒದ್ದೆ ಮಣ್ಣು ಮತ್ತು ಕೊಳೆಯುವ ಎಲೆಕಸದಲ್ಲಿ. ಸೊಳ್ಳೆ ನಮ್ಮ ರಕ್ತಕ್ಕೆ ಬರುತ್ತದೆ, ಇದಕ್ಕೆ ನಾವು ಬೇಕಾಗಿಯೇ ಇಲ್ಲ. ಬರುವುದು ದೀಪಕ್ಕೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮೈಮೇಲೆ ಏನೋ ಹರಿದರೆ ಪಟ್ ಅಂತ ಹೊಡೆಯುವ ನಮ್ಮ ರೂಢಿ. ಸೊಳ್ಳೆಯಿಂದ ಕಾಪಾಡುವ ಅದೇ ಕೈ ಇಲ್ಲಿ ಗಾಯ ಮಾಡುತ್ತದೆ. ಜಾಗೃತಿ ಅಂತ ಏನಾದರೂ ಮೂಡಿಸಬೇಕಿದ್ದರೆ ಇದೊಂದನ್ನು ಮೊದಲು ಕಲಿಸಬೇಕಿತ್ತು. ಆದರೆ 2022ರಲ್ಲಿ ಗಲಾಟೆಯಾದಾಗ ಎಲ್ಲರಿಗೂ ಮೊದಲು ನೆನಪಾದದ್ದು ಔಷಧ ಸಿಂಪಡಣೆ.

ಸಿಂಪಡಣೆಯ ಬಗ್ಗೆ ನನ್ನ ತಕರಾರು ಎರಡು. ಒಂದು, ಈ ಹುಳ ರೈತನ ಸ್ನೇಹಿತ. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವಿನಂಥ ಪೀಡೆಗಳನ್ನು ತಿಂದು ಬದುಕುವಂಥದ್ದು. ಅದನ್ನು ಊರಾಚೆಯೇ ಕೊಂದು ಹಾಕಿದರೆ ನಾಳೆ ಗದ್ದೆಗೆ ಇನ್ನಷ್ಟು ವಿಷ ಹೊಡೆಯಬೇಕಾದೀತು, ಅದು ನಮ್ಮ ಅಕ್ಕಿಯಲ್ಲೇ ವಾಪಸ್ ಬಂದೀತು. ಎರಡು, ಮನೆಯೊಳಗೆ ಸ್ಪ್ರೇ ಹೊಡೆದರೆ ಹುಳ ಸತ್ತು ಹಾಸಿಗೆ ಮೇಲೋ, ಮಗುವಿನ ಯೂನಿಫಾರಂ ಮೇಲೋ ಬೀಳುತ್ತದೆ. ಸತ್ತು ಒಣಗಿದ ಹುಳದಲ್ಲೂ ಪೆಡೆರಿನ್ ಬಹಳ ಕಾಲ ಹಾಗೇ ಉಳಿಯುತ್ತದೆ. ಸ್ಪ್ರೇ ಹೊಡೆದಾಯ್ತು, ಇನ್ನು ನಿಶ್ಚಿಂತೆ ಅಂತ ಬರಿಗೈಯಲ್ಲಿ ಬಾಚಿ ಗುಡಿಸಿದರೆ ಗಾಯ ಗ್ಯಾರಂಟಿ.

ಹಾಗಾದರೆ ಊರೊಳಗೆ ಯಾಕೆ ಬರುತ್ತದೆ? ಮಲೇಷ್ಯಾದ ಪಿನಾಂಗ್‌ನಲ್ಲಿ ಗದ್ದೆಗಳ ಪಕ್ಕದ ವಸತಿ ಕಟ್ಟಡಗಳಿಗೆ ಇವು ನುಗ್ಗುವುದನ್ನು ವಿಜ್ಞಾನಿಗಳು ಅಭ್ಯಾಸ ಮಾಡಿದ್ದಾರೆ. ಗದ್ದೆ ಕೊಯ್ಲಾಗಿ ನೆಲ ಬರಿದಾದಾಗ ಹುಳಗಳಿಗೆ ಮನೆ ಇಲ್ಲವಾಗುತ್ತದೆ, ರಾತ್ರಿ ಹೊಳೆಯುವ ದೀಪಗಳ ಕಡೆಗೆ ಹಾರುತ್ತವೆ. ನಮ್ಮ ಪರಿಸ್ಥಿತಿ ಬೇರೆಯೇನಲ್ಲ. ಕೆರೆಯಂಚಿಗೆ, ನಿನ್ನೆ ಮೊನ್ನೆಯವರೆಗೆ ಗದ್ದೆಯಾಗಿದ್ದ ಜಾಗಕ್ಕೆ ಬಡಾವಣೆ ಎದ್ದಿದೆ. 'ಲೇಕ್ ವ್ಯೂ' ಅಂತ ಹೆಚ್ಚು ದುಡ್ಡು ಕೊಟ್ಟು ಫ್ಲ್ಯಾಟ್ ಕೊಳ್ಳುತ್ತೇವೆ. ಆಮೇಲೆ ಕಾಂಪೌಂಡ್ ಸುತ್ತ ಹಗಲಿನಂಥ ಬೆಳ್ಳಗಿನ ಎಲ್‌ಇಡಿ ದೀಪ ಹಾಕಿಸುತ್ತೇವೆ. ಕೆರೆ ನೋಡುವ ಕಿಟಕಿಗೆ ಜಾಲರಿ ಹಾಕಿದರೆ ನೋಟ ಕೆಡುತ್ತದೆ ಅಂತ ಅದನ್ನೂ ತೆಗೆಸುತ್ತೇವೆ! ಹುಳ ಬಂತು ಅಂತ ಗೊಣಗುವ ಮೊದಲು ಕರೆದದ್ದು ಯಾರು ಅಂತ ಸ್ವಲ್ಪ ಯೋಚಿಸಬೇಕಲ್ವಾ?

ಕತ್ತಲಾಗುವ ಮೊದಲು

ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಆರು ಗಂಟೆ ಹೊತ್ತಿಗೆ ದೀಪ ಹಚ್ಚುವ ಮೊದಲೇ ಕಿಟಕಿ ಬಾಗಿಲು ಹಾಕಿಬಿಡಿ, ಇಲ್ಲವೇ ಜಾಲರಿ ಹಾಕಿಸಿ. ಜಾಲರಿಯ ಕಣ್ಣು ಸಣ್ಣದಿರಲಿ. ಬಾಲ್ಕನಿ ದೀಪ, ಸಿಟ್‌ಔಟ್ ದೀಪ ಸುಮ್ಮನೆ ಉರಿಯುವುದು ಬೇಡ. ಬೇಕೇ ಬೇಕು ಅಂದರೆ ಬಿಳಿ ಬಲ್ಬಿನ ಬದಲು ಹಳದಿ ಬೆಳಕಿನದು ಹಾಕಿ, ಅದಕ್ಕೆ ಹುಳಗಳು ಬರುವುದು ಕಡಿಮೆ. ಮಂಚ ಟ್ಯೂಬ್‌ಲೈಟಿನ ನೇರ ಕೆಳಗಿದ್ದರೆ ಅದನ್ನು ಸರಿಸುವುದು ಒಳ್ಳೆಯದು, ಏಕೆಂದರೆ ದೀಪ ಸುತ್ತಿ ಸುಸ್ತಾದ ಹುಳ ಬೀಳುವುದು ಅಲ್ಲೇ. ಪರೀಕ್ಷೆಗೆ ಓದುವ ಮಕ್ಕಳ ಟೇಬಲ್ ಲ್ಯಾಂಪ್ ಕೆಳಗೂ ಇದೇ ಕಥೆ. ಮುಖ, ಕುತ್ತಿಗೆ, ತೋಳು ಹೆಚ್ಚಾಗಿ ಸುಡುವುದು ಇದರಿಂದಲೇ.

ಮಲಗುವ ಮುಂಚೆ ಹೊದಿಕೆ, ದಿಂಬು ಎರಡೂ ಒಮ್ಮೆ ಕೊಡವಿ. ನಮ್ಮ ಅಜ್ಜಿಯರು ಚೇಳಿಗೆ ಹೆದರಿ ಮಾಡುತ್ತಿದ್ದ ಕೆಲಸ ಇದು. ಸೊಳ್ಳೆ ಪರದೆ ಕಟ್ಟುವ ಅಭ್ಯಾಸವಿದ್ದರೆ ಬಿಡಬೇಡಿ, ಇಲ್ಲಿ ಅದು ಸೊಳ್ಳೆ, ಹುಳ ಎರಡಕ್ಕೂ ಆಗುತ್ತದೆ. ಮನೆ ಸುತ್ತ ಕಳೆ, ಕೊಳೆತ ಎಲೆಯ ರಾಶಿ, ಒದ್ದೆ ಕಸ ತೆಗೆಸಿ.

ಇನ್ನು ಮೈಮೇಲೇ ಬಂದು ಕೂತರೆ? ಹೊಡೆಯಬೇಡಿ. ಉಜ್ಜಬೇಡಿ. ಉಫ್ ಅಂತ ಊದಿ. ಹೋಗದಿದ್ದರೆ ಒಂದು ಕಾಗದದ ಚೂರು ಮುಂದಿಡಿ, ಅದರ ಮೇಲೆ ಹತ್ತಿಕೊಳ್ಳುತ್ತದೆ. ಹೊರಗೆ ಕೊಡವಿ, ಹುಳ ಓಡಾಡಿದ ಜಾಗವನ್ನು ಸೋಪು ಹಾಕಿ ಧಾರಾಳ ನೀರಲ್ಲಿ ತೊಳೆಯಿರಿ. ಮಕ್ಕಳಿಗೆ ಇದನ್ನು ಆಟದ ಹಾಗೆ ಕಲಿಸಬಹುದು. ಅಕ್ಕಿ ಕಾಳೊಂದನ್ನು ತೋಳಿನ ಮೇಲಿಟ್ಟು 'ಹೊಡೀಬಾರ್ದು, ಊದ್ಬೇಕು' ಅಂತ ನಾಲ್ಕು ಸಲ ಆಡಿಸಿದರೆ ಸಾಕು. ದೊಡ್ಡವರ ಕೈಗೇ ಹೊಸ ಅಭ್ಯಾಸ ಕಲಿಸುವುದು ಕಷ್ಟ ನೋಡಿ, ಮಕ್ಕಳು ಬೇಗ ಕಲಿಯುತ್ತಾರೆ.

ಅಕಸ್ಮಾತ್ ಜಜ್ಜಿ ಹೋದರೆ ಗಾಬರಿ ಬೇಡ. ಉರಿ ಶುರುವಾಗಲು ಇನ್ನೂ ಸಮಯವಿದೆಯಲ್ಲ, ಆ ಸಮಯವೇ ನಿಮಗೆ ಅನುಕೂಲ. ಕೂಡಲೇ ಸೋಪು ನೀರಲ್ಲಿ ತೊಳೆದರೆ ಗಾಯದ ಜೋರು ಎಷ್ಟೋ ಕಡಿಮೆಯಾಗುತ್ತದೆ. ಬೆರಳು, ಉಗುರುಸಂದಿ ತೊಳೆಯುವ ಮೊದಲು ಕಣ್ಣು ಮುಟ್ಟಬೇಡಿ, ಮಗುವಿನ ಕೆನ್ನೆ ಸವರಬೇಡಿ. ಆಗ ಹಾಕಿದ್ದ ಬಟ್ಟೆ, ಒರೆಸಿಕೊಂಡ ಟವೆಲ್ಲು, ದಿಂಬಿನ ಕವರು ಒಗೆಯಲು ಹಾಕಿ.

ಗುಳ್ಳೆ ಎದ್ದ ಮೇಲೆ

ಇದು ಅಂಟುರೋಗವಲ್ಲ. ಇನ್ನೊಮ್ಮೆ ಓದಿಕೊಳ್ಳಿ, ಅಂಟುರೋಗವಲ್ಲ. ಗುಳ್ಳೆಯ ನೀರಿನಿಂದ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಒಂದೇ ಮನೆಯ ಮೂವರಿಗೆ ಆಗಿದ್ದರೆ ಮೂವರೂ ಒಂದೇ ದೀಪದ ಕೆಳಗೆ ಕೂತಿದ್ದರು ಅಂತ ಅರ್ಥ. ಮನೆಕೆಲಸದಾಕೆಯನ್ನು ನಾಲ್ಕು ದಿನ ಬರಬೇಡ ಅನ್ನಬೇಕಿಲ್ಲ, ಅವಳ ಸಂಬಳ ಹಿಡಿಯಬೇಕಾಗಿಯೂ ಇಲ್ಲ. ಮಗುವನ್ನು ಬೇರೆ ಚಾಪೆಯಲ್ಲಿ ಮಲಗಿಸುವುದೂ ಬೇಡ.

ಸರ್ಪಸುತ್ತೋ ಅಲ್ಲವೋ ಎಂಬ ಅನುಮಾನ ಮಾತ್ರ ಅಸಡ್ಡೆ ಮಾಡುವಂಥದ್ದಲ್ಲ. ನೋಡಲು ಎರಡೂ ಹತ್ತಿರ ಹತ್ತಿರ. ಸರ್ಪಸುತ್ತು ವೈರಸ್‌ನಿಂದ ಬರುವ ಕಾಯಿಲೆ. ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆಯ ಗೊಂಚಲು ಏಳುತ್ತದೆ, ಗುಳ್ಳೆಗೆ ಮೊದಲೇ ಒಂದೆರಡು ದಿನ ಚುಚ್ಚಿದಂಥ ನೋವಿರುತ್ತದೆ, ವಯಸ್ಸಾದವರಲ್ಲಿ ಹೆಚ್ಚು. ಅದಕ್ಕೆ ಮಾತ್ರೆ ಬೇಗ ಶುರು ಮಾಡಿದರೆ ಮಾತ್ರ ಪ್ರಯೋಜನ. ಮೂರು ದಿನದೊಳಗೆ ಅನ್ನುತ್ತಾರೆ ವೈದ್ಯರು. ಹುಳದ ಗಾಯಕ್ಕೆ ಕೆಮ್ಮಣ್ಣು ಬರೆಸಿದರೆ ಅದು ಹೇಗೂ ಹತ್ತು ದಿನದಿಂದ ಮೂರು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ, ಕೆಮ್ಮಣ್ಣಿಗೆ ಒಳ್ಳೆಯ ಹೆಸರು ಬರುತ್ತದೆ! ಅದೇ ನಂಬಿಕೆಯಿಂದ ಅತ್ತೆಯವರ ನಿಜವಾದ ಸರ್ಪಸುತ್ತಿಗೂ ಕೆಮ್ಮಣ್ಣೇ ಬರೆಸುತ್ತಾ ಕೂತರೆ ಮಾತ್ರೆಯ ಆ ಮೂರು ದಿನ ಕಳೆದುಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ ನರದ ನೋವು ಅನುಭವಿಸುವವರು ಅವರು. ಹಿರಿಯರ ಮಾತು ಮೀರಿದ ಹಾಗಾಗುತ್ತೆ ಅನ್ನುವ ಮುಜುಗರವಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಅವರ ಸಮಾಧಾನಕ್ಕೆ ದೇವರಿಗೆ ಹಣ್ಣುಕಾಯಿ ಮಾಡಿಸಿ.

ಯಜಮಾನರು ತರುವ ಟ್ಯೂಬ್ ವಿಷಯ. ಹುಳದ ಗಾಯಕ್ಕೆ ವೈದ್ಯರೂ ಕೆಲವು ದಿನದ ಮಟ್ಟಿಗೆ ಸ್ಟೀರಾಯ್ಡ್ ಮುಲಾಮು ಕೊಡುವುದುಂಟು. ಆದರೆ ಯಾವ ಶಕ್ತಿಯದು, ಎಷ್ಟು ದಿನ, ಮುಖಕ್ಕೋ ಕೈಗೋ ಅನ್ನುವುದೆಲ್ಲ ನೋಡಿ ಕೊಡುತ್ತಾರೆ. ಅಂಗಡಿಯಲ್ಲಿ ಕೇಳಿದರೆ ಸಿಗುವುದು ಹೆಚ್ಚಾಗಿ ಎಲ್ಲವೂ ಬೆರೆತ ಕಲಸುಮೇಲೋಗರ. ತುರಿಕೆಗೂ ಅದೇ, ಹುಳುಕಡ್ಡಿಗೂ ಅದೇ. ಅದನ್ನು ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆ ಎದ್ದು, ಮುಲಾಮು ಬಿಟ್ಟ ದಿನವೇ ಮುಖ ಕೆಂಪಾಗುವ ಪಾಡು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿದೆ. ಚೀಟಿ ಕೇಳುವ ಅಂಗಡಿಯವರ ಮೇಲೆ ರೇಗಬೇಡಿ, ಕೇಳದವರ ಮೇಲೆ ರೇಗಿ.

ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ ಯಾವುದೂ ಬೇಡ, ಸುಟ್ಟ ಚರ್ಮವನ್ನು ಇನ್ನಷ್ಟು ಸುಡುತ್ತವೆ. ಶುದ್ಧವಾದ ಹತ್ತಿಬಟ್ಟೆ ತಣ್ಣೀರಲ್ಲಿ ಅದ್ದಿ ಆಗಾಗ ಇಟ್ಟರೆ ಉರಿ ತಗ್ಗುತ್ತದೆ. ಗುಳ್ಳೆ ಒಡೆಯಬೇಡಿ. ಕೀವು ತುಂಬಿದರೆ, ಜ್ವರ ಬಂದರೆ, ಗಾಯ ಅಗಲವಾಗಿದ್ದರೆ ವೈದ್ಯರ ಬಳಿ ಹೋಗಿ. ಕಣ್ಣಿನ ವಿಷಯದಲ್ಲಿ ಮಾತ್ರ ಒಂದು ರಾತ್ರಿಯೂ ಕಾಯುವಂತಿಲ್ಲ. ವಿಷದ ಕೈ ಕಣ್ಣಿಗೆ ತಾಗಿದರೆ ರೆಪ್ಪೆ ಊದಿ ಕಣ್ಣು ಕೆಂಡದಂತಾಗುತ್ತದೆ, ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಗೂ ಗಾಯವಾಗಬಹುದು. ಹತ್ತು ಹದಿನೈದು ನಿಮಿಷ ಶುದ್ಧ ನೀರು ಹಾಯಿಸುತ್ತಾ ತೊಳೆದು, ಮನೆಯಲ್ಲಿರುವ ಹಳೆಯ ಐ ಡ್ರಾಪ್ಸ್ ಮುಟ್ಟದೆ, ನೇರ ಕಣ್ಣಿನ ವೈದ್ಯರಿಗೆ ತೋರಿಸಿ.

ಮದುವೆ ವಯಸ್ಸಿನ ಮಗಳಿರುವ ತಾಯಂದಿರಿಗೆ ಒಂದು ಮಾತು. ಗಾಯ ಮಾಗಿದ ಮೇಲೆ ಕಂದು ಕಲೆ ಉಳಿಯುತ್ತದೆ, ನಮ್ಮ ಮೈಬಣ್ಣದಲ್ಲಿ ಅದು ಕೆಲವು ತಿಂಗಳು ಇರುವುದೂ ಉಂಟು. ತಾನಾಗಿ ತಿಳಿಯಾಗುತ್ತದೆ. ಬಿಸಿಲಿಗೆ ಹೋಗುವಾಗ ದುಪಟ್ಟಾ ಹೊದ್ದುಕೊಂಡರೆ ಬೇಗ. ಬ್ಲೀಚ್, ಬೆಳ್ಳಗಾಗುವ ಕ್ರೀಮು ಅಂತ ಉಜ್ಜಲು ಹೋದರೆ ಹೋಗುವ ಕಲೆಯೂ ನಿಂತುಬಿಡುತ್ತದೆ.

ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಎರಡು ವಿಷಯ ಎತ್ತಿ. ಕೆರೆ ಕಡೆಗಿನ ಬಿಳಿ ದೀಪಗಳನ್ನು ಹಳದಿಗೆ ಬದಲಾಯಿಸಿ, ಹತ್ತು ಗಂಟೆಯ ಮೇಲೆ ಕೆಲವನ್ನಾದರೂ ಆರಿಸಲು ಆಗುತ್ತಾ? ರಾತ್ರಿಯಿಡೀ ಆ ದೀಪದ ಕೆಳಗೇ ಕುರ್ಚಿ ಹಾಕಿಕೊಂಡು ಕೂರುವ ವಾಚ್‌ಮನ್‌ಗೆ ಈ ಹುಳದ ಬಗ್ಗೆ ಯಾರಾದರೂ ಹೇಳಿದ್ದಾರಾ? ಮಗಳ ಡೈರಿಯಲ್ಲಿ ಕ್ಲಾಸ್ ಟೀಚರಿಗೂ ನಾಲ್ಕು ಸಾಲು ಬರೆದು ಕಳಿಸಿ, 'ಹುಳದಿಂದ ಆದ ಗಾಯ, ಅಂಟುವುದಿಲ್ಲ' ಅಂತ. ಪಕ್ಕದ ಬೆಂಚಿನ ಮಗುವಿಗೂ ಮುಂದಿನ ವಾರ ಆಗಿರಬಹುದು.